ಸೊಸೆಯ ಮೂಗಿನಲ್ಲಿ ಅತ್ತೆ

ನಮ್ಮ ಲ್ಯಾಬಿನಲ್ಲಿ ತಿಂಗಳಿಗೊಂದಾದರೂ ಮೈ ಜುಂ ಅನ್ನುವ ಪ್ರಸಂಗ ಆಗೇ ಆಗ್ತದೆ. ಪ್ರತಿ ಸಲವೂ ಕೊನೆಗೆ ಪೆಚ್ಚಾಗುವವಳು ನಾನೇ.

ನಾನು ಕಾರವಾರದಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರೊಬ್ಬರ ಹತ್ತಿರ ಇಪ್ಪತ್ತಮೂರು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ನು. ಡಾಕ್ಟರರು ಮೂಗಿನಿಂದ ತೆಗೆದದ್ದನ್ನು, ಹೆಣ ಕೂಡ ಕೆಡದ ಹಾಗೆ ಇಡುವ ಫಾರ್ಮಲಿನ್ ಬಾಟಲಿಗೆ ಹಾಕೋದು, ಮೇಣದಲ್ಲಿ ಕೂರಿಸಿ ಕಾಗದಕ್ಕಿಂತ ತೆಳ್ಳಗೆ ಕೊಯ್ಯೋದು, ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸೋದು ನನ್ನ ಕೆಲಸ. ಮಂಗಳವಾರ ಅಂಕೋಲೆಯಲ್ಲಿ ನಮ್ಮ ಡಾಕ್ಟರರ ಇನ್ನೊಂದು ಕ್ಲಿನಿಕ್ಕು. ಆವತ್ತು ನಾನೂ ಅವರ ಗಾಡಿಯಲ್ಲೇ ಹೋಗ್ತೇನೆ.

ದೆವ್ವ ಭೂತ ನಾನು ನಂಬೂದಿಲ್ಲ. ವಿಜ್ಞಾನ ಓದಿದವಳು. ಆದರೆ ಹೋದ ವರ್ಷ ಒಬ್ಬಳೇ ಹೆಂಗಸು ನನ್ನನ್ನು ಐದು ಸಲ ಬೆವರಿಸಿಬಿಟ್ಟಳು. ಅದನ್ನೇ ಹೇಳ್ತೇನೆ, ಕೇಳಿ.

ಖಾಲಿ ಬೆಂಚಿನ ಸೀನು

ಅವಳು ಅಂಕೋಲೆಯ ಕ್ಲಿನಿಕ್ಕಿಗೆ ಬಂದವಳು, ಅದೇ ಕಡೆಯ ಹಳ್ಳಿಯವಳು, ಐವತ್ತರ ಹತ್ತಿರ ವಯಸ್ಸು. ನಾವು ಅವಳನ್ನು ಹಣ್ಣಿನಕ್ಕ ಅಂತಲೇ ಕರೆದದ್ದು. ಇಶಾಡು ಮಾವಿನ ಹಂಗಾಮು ಬಂತೆಂದರೆ ಸುತ್ತಲಿನ ತೋಪಿನ ಹಣ್ಣೆಲ್ಲ ಅವರ ಅಂಗಳಕ್ಕೇ ಬರ್ತದೆ. ಇಶಾಡು ಎಷ್ಟು ರುಚಿಯೋ ಅಷ್ಟೇ ಹಠಮಾರಿ. ಒಂದು ದಿನ ಮೊದಲು ತಿಂದರೆ ಹುಳಿ, ಒಂದು ದಿನ ತಡವಾದರೆ ಕೊಳೆ. ಸಿಪ್ಪೆ ನೋಡಿದರೆ ಗೊತ್ತಾಗೂದಿಲ್ಲ. ಹಂಗಾಗಿ ಆ ಮನೆಯಲ್ಲಿ ಒಬ್ಬ ಹೆಂಗಸು ಅಂಗಳದಲ್ಲಿ ಗೋಣಿ ಹಾಸಿಕೊಂಡು ಕೂತು, ಒಂದೊಂದು ಹಣ್ಣಿನ ತೊಟ್ಟು ಮೂಸಿ, "ಇವತ್ತಿಂದು, ನಾಳಿಂದು, ನಾಡಿದ್ದಿಂದು" ಅಂತ ಮೂರು ಬುಟ್ಟಿಗೆ ಹಾಕ್ತಾಳೆ. ಆ ಮೂಗನ್ನು ನಂಬಿ ವ್ಯಾಪಾರಿಗಳು ಮಾಜಾಳಿ ಗಡಿ ದಾಟಿ ಗೋವಾದವರೆಗೆ ಹಣ್ಣು ಒಯ್ತಾರೆ. ಮೊದಲು ಗೋಣಿಯ ಮೇಲೆ ಅತ್ತೆ ಕೂರ್ತಿದ್ದಳು. ಅತ್ತೆ ಹೋದ ಮೇಲೆ, ಅವಳ ಪಕ್ಕದಲ್ಲೇ ಕೂತು ಕಲಿತ ಈ ಸೊಸೆ.

"ನಾಕು ವರ್ಷ ಆಯ್ತು ಬಾಯೋರೆ, ನಂಗೆ ಎಂತದೂ ವಾಸನೆ ಬರೂದಿಲ್ಲ," ಅಂದಳು.

"ಹಂಗಾರೆ ಹಣ್ಣು ಹೆಂಗೆ ಆರಿಸ್ತೆ?"

ಅವಳು ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಮೂಸಿದ ಹಾಂಗೆ ಮಾಡ್ತೆ. ಕಣ್ಣು ಮುಚ್ತೆ. ಹೆಬ್ಬೆರಳಲ್ಲಿ ಅಂದಾಜು ನೋಡ್ತೆ. ಯಾರಿಗೂ ಹೇಳ್ಬೇಡಿ."

ಹಿಂದಿನ ಹಂಗಾಮಿನಲ್ಲಿ ಬುಟ್ಟಿ ಬುಟ್ಟಿ ಹಣ್ಣು ಕೊಳೆತು ವಾಪಸು ಬಂದಿತ್ತಂತೆ. ಈ ಸಲವೂ ಹಂಗೇ ಆದರೆ ಗೋಣಿಯ ಮೇಲೆ ವಾರಗಿತ್ತಿಯನ್ನು ಕೂರಿಸೋದು ಅಂತ ಮನೆಯಲ್ಲಿ ಮಾತಾಗಿದೆ. ಹಂಗಾಮಿಗೆ ಇನ್ನು ಎರಡೂವರೆ ತಿಂಗಳು.

"ಅತ್ತೆ ಸಾಯೂಕಿಂತ ಮೊದಲು ನನ್ನ ಹತ್ರ ಕರೆದು ಹೇಳಿತ್ತು ಬಾಯೋರೆ. 'ನನ್ನ ಮೂಗು ನಾ ತಕಂಡೇ ಹೋಗ್ತೆ, ನಿಂಗೆ ಬಿಡೂದಿಲ್ಲ' ಅಂತ. ಹನ್ನೆರಡನೇ ದಿನದ ಕಾರ್ಯ ಮುಗೀತು, ನನ್ನ ಮೂಗು ಕಟ್ತು. ಈಗ ಒಂದೇ ಒಂದು ವಾಸನೆ ಬರ್ತದೆ. ಮಟಮಟ ಮಧ್ಯಾಹ್ನ. ಅತ್ತೆ ಹಾಕ್ತಿದ್ದ ನಶ್ಯದ್ದು. ತಿರುಗಿ ನೋಡಿದ್ರೆ ಯಾರೂ ಇರೂದಿಲ್ಲ."

ನಶ್ಯ ಏರಿಸುವ ಮುದುಕಿ ಹಣ್ಣಿನ ವಾಸನೆ ಹೆಂಗೆ ಹಿಡೀತಿದ್ದಳು ಅಂತ ನನಗೆ ಇವತ್ತಿಗೂ ಗೊತ್ತಾಗಲಿಲ್ಲ. ಆದರೆ ವಿಜ್ಞಾನ ಓದಿದವಳಲ್ಲವಾ, ಬಿಡಿಸಿ ಹೇಳಿದೆ. ಮೂಗು ಮುಚ್ಚಿ ವಾಸನೆ ಬರೂದು ನಿಂತರೆ, ಕೆಲವರಿಗೆ ಮಿದುಳು ತಾನೇ ಒಂದು ವಾಸನೆ ಹುಟ್ಟಿಸಿಕೊಳ್ತದೆ, ಹೆದರೂದೆಂತ ಇಲ್ಲ. ಅವಳು ಒಪ್ಪಿದವಳಂತೆ ತಲೆಯಾಡಿಸಿದಳು.

ಡಾಕ್ಟರರು ಊಟಕ್ಕೆ ಹೋಗಿದ್ದರು. ಕಾಯುವ ಕೋಣೆಯಲ್ಲಿ ನಾವಿಬ್ಬರೇ. ಕರೆಂಟು ಹೋಯಿತು, ಫ್ಯಾನು ನಿಧಾನಕ್ಕೆ ಸುತ್ತಿ ನಿಂತಿತು. ಹೊರಗೆ ಹೆದ್ದಾರಿಯಲ್ಲೂ ಒಂದು ಗಾಡಿ ಇಲ್ಲ. ಹಣ್ಣಿನಕ್ಕ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು.

"ಬಂತು," ಅಂದಳು.

"ಎಂತ ಬಂತು?"

"ನಶ್ಯ. ಹಿಂದಿನ ಬೆಂಚು."

ಹಿಂದಿನ ಬೆಂಚು ಖಾಲಿ. ನಾನೇ ನೋಡಿದ್ದೇನೆ. ನನ್ನ ಕುತ್ತಿಗೆಯ ಕೂದಲು ಎದ್ದು ನಿಂತಿತು. ಅಷ್ಟರಲ್ಲಿ ಆ ಖಾಲಿ ಬೆಂಚಿನಿಂದ, ಗೋಡೆ ಅದುರುವಂಥ ಒಂದು ಸೀನು ಬಂತು ನೋಡಿ! ನಾನು ಯಾವ ದೇವರ ಹೆಸರು ಕೂಗಿದೆನೋ ಗೊತ್ತಿಲ್ಲ, ಕೂಗಿದ್ದಂತೂ ಹೌದು.

ಬೆಂಚಿನ ಹಿಂದೆ ನೆಲದ ಮೇಲೆ ಮಲಗಿದ್ದ ಅವಳ ಗಂಡ ಎದ್ದು ಕೂತ. ಬೆಳಿಗ್ಗೆಯಿಂದ ಹೆಂಡತಿಯ ಸರದಿ ಕಾದು ಸಾಕಾಗಿ ಅಲ್ಲೇ ಅಡ್ಡಾಗಿದ್ದನಂತೆ. ಮೂಗು ಒರೆಸಿಕೊಳ್ಳುತ್ತ ನನ್ನನ್ನು ಕೇಳಿದ, "ಎಂತಾ ಧೂಳು ಮಾರಾಯ್ರೆ! ಇಲ್ಲಿ ಗುಡಿಸೂದೇ ಇಲ್ವೆ?"

ಕಳ್ಳ ಇಲ್ಲದ ಮನೆ

ಡಾಕ್ಟರರು ಬಂದು ನಳಿಕೆ ಹಾಕಿ ನೋಡಿದರು. ಹಣ್ಣಿನಕ್ಕನ ಎರಡೂ ಹೊಳ್ಳೆಯಲ್ಲಿ ದುರ್ಮಾಂಸ, ಸುಲಿದ ದ್ರಾಕ್ಷಿಯ ಹಾಗೆ ಜೋತುಬಿದ್ದಿತ್ತು. ಗಂಡ ಒಂದೇ ಸಮನೆ ಸೀನುತ್ತಿದ್ದ, ಅವನದ್ದೂ ನೋಡಿದರು. ಅವನಿಗೂ ಇತ್ತು, ಸಣ್ಣದು.

ಇಬ್ಬರಿಗೂ ಅಲರ್ಜಿ ಪರೀಕ್ಷೆ ಮಾಡು ಅಂದರು. ಅದು ಸುಲಭ. ಮುಂಗೈ ಮೇಲೆ ಸಾಲಾಗಿ ಹನಿ ಇಡೋದು, ಸೂಜಿಯಿಂದ ಸಣ್ಣಗೆ ಚುಚ್ಚೋದು, ಸ್ವಲ್ಪ ಹೊತ್ತು ಕಾಯೋದು. ಒಗ್ಗದ್ದು ಇದ್ದರೆ ಅಲ್ಲಿ ದದ್ದು ಏಳ್ತದೆ.

ಗಂಡನ ಕೈಯಲ್ಲಿ ಧೂಳಿನ ಹುಳಕ್ಕೆ ಎದ್ದಿತು, ಜಿರಳೆಗೆ ಎದ್ದಿತು, ಬೂಷ್ಟಿಗೂ ಎದ್ದಿತು. ಪರೀಕ್ಷೆ ಪಾಸಾದವನಂತೆ ಅವನು ಕೈ ಎತ್ತಿ ಎಲ್ಲರಿಗೂ ತೋರಿಸಿದ. ಹೆಂಡತಿಯ ಕೈ ನೋಡಿದರೆ ಬರೀ ಕೈ. ಒಂದು ಚುಕ್ಕೆ ಇಲ್ಲ. ಅವಳು ಆ ಕೈಯನ್ನೇ ನೋಡುತ್ತ ಕೂತಳು.

"ಹಂಗಾರೆ ನಂಗೆ ಎಂತದೂ ಇಲ್ವೆ?"

"ಅಲರ್ಜಿ ಇಲ್ಲ. ದುರ್ಮಾಂಸ ಇದೆ."

"ಎಂತದೂ ಇಲ್ದೆ ಅದು ಹೆಂಗೆ ಬೆಳೀತು?"

ನಮ್ಮ ಡಾಕ್ಟರರಿಗೆ ಪಾಠ ಮಾಡುವ ಚಟ. ಕುರ್ಚಿ ಎಳೆದುಕೊಂಡು ಕೂತರು. "ನೋಡಮ್ಮ, ರಕ್ತದಲ್ಲಿ ಕಾವಲಿನ ಕಣಗಳು ಇರ್ತವೆ, ಪೊಲೀಸರ ಹಾಗೆ. ನಿನ್ನ ಗಂಡನ ಮೂಗಿಗೆ ದಿನಾ ಧೂಳು ಅನ್ನೋ ಕಳ್ಳ ಬರ್ತಾನೆ. ಪೊಲೀಸರು ಬರ್ತಾರೆ, ಹೊಡೆದಾಟ ಆಗ್ತದೆ, ಊದಿಕೊಳ್ತದೆ. ಅದು ಅರ್ಥ ಆಗುವ ಮಾತು. ನಿನ್ನ ಮೂಗಿಗೆ ಕಳ್ಳ ಬರೂದಿಲ್ಲ. ಆದ್ರೂ ಅದೇ ಪೊಲೀಸರು ಬಂದು ಠಿಕಾಣಿ ಹೂಡಿದ್ದಾರೆ. ಯಾರು ಕರೆದರು, ಯಾಕೆ ಹೋಗೂದಿಲ್ಲ, ಇನ್ನೂ ದೊಡ್ಡ ದೊಡ್ಡವರೇ ತಲೆ ಕೆರ್ಕೊಳ್ತಿದ್ದಾರೆ."

ಕರೆಯದೆ ಬಂದು, ಮೂಗಿನೊಳಗೆ ಸುಮ್ಮನೆ ಕೂತ ಆ ಗುಂಪನ್ನು ನೆನೆದು ನನಗೂ ಒಂಥರಾ ಆಯಿತು. ಇಷ್ಟು ವರ್ಷ ಸ್ಲೈಡ್ ಮಾಡಿದ್ದೇನೆ, ಹಂಗೆ ಯೋಚನೆ ಮಾಡಿರಲಿಲ್ಲ.

ಹಣ್ಣಿನಕ್ಕ ಮಾತ್ರ ಸಮಾಧಾನದಲ್ಲಿ ತಲೆ ಆಡಿಸಿದಳು. "ಕಳ್ಳ ಬರ್ದೆ ಪೊಲೀಸ್ರು ಬಂದ್ರು ಅಂದ್ರೆ, ಡಾಕ್ಟ್ರೆ, ಅದು ಮನೆಯೊಳಗಿನೋರೇ ಕೊಟ್ಟ ದೂರು."

ಕನ್ನಡಕ

ಇಬ್ಬರ ಮೂಗಿನಿಂದಲೂ ಡಾಕ್ಟರರು ಒಂದೊಂದು ಚೂರು ತೆಗೆದು ಕೊಟ್ಟರು. ನಾನು ಕಾರವಾರಕ್ಕೆ ಒಯ್ದು ಸ್ಲೈಡ್ ಮಾಡಿದೆ. ಮುಂದಿನ ವಾರ ಗಂಡ ಹೆಂಡತಿ ವರದಿಗೆ ಅಂತ ಕಾರವಾರಕ್ಕೇ ಬಂದರು. ಇವಳ ತಲೆಯಿಂದ ಅತ್ತೆಯ ಹುಚ್ಚು ಇಳಿಸಬೇಕು, ಒಮ್ಮೆ ಕಣ್ಣಾರೆ ತೋರಿಸಿಬಿಟ್ಟರೆ ಮುಗೀತು ಅಂತ ನನಗೆ ಬುದ್ಧಿ ಓಡಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

"ಬಾ, ನಿನ್ನ ಮೂಗಿನೊಳಗೆ ಎಂತ ಅದೆ ನೀನೇ ನೋಡು," ಅಂತ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ.

ಈ ಕಾವಲಿನ ಕಣಗಳಲ್ಲಿ ಒಂದು ಜಾತಿಗೆ ಇಯೋಸಿನೋಫಿಲ್ ಅಂತ ಹೆಸರು. ಬಣ್ಣ ಹಾಕಿದರೆ ಮೈಯೆಲ್ಲ ಕೆಂಪು ಕೆಂಪಾಗ್ತದೆ. ನಡುವೆ ಎರಡು ನೀಲಿ ಗುಂಡು, ಒಂದು ಸಣ್ಣ ಎಳೆಯಿಂದ ಕೂಡಿಕೊಂಡಿರ್ತವೆ. ಕನ್ನಡಕ ಹಾಕಿದ ಮುಖದ ಹಾಗೆ ಅಂತಲೇ ನಮಗೆ ಕಲಿಸಿದ್ದು. ಇವಳ ಸ್ಲೈಡಿನಲ್ಲಿ ಅವು ಜಾಗವಿಲ್ಲದ ಹಾಗೆ ತುಂಬಿದ್ದವು.

ಹಣ್ಣಿನಕ್ಕ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಸ್ವಲ್ಪ ಹೊತ್ತು ಅಲುಗಲಿಲ್ಲ. ಆಮೇಲೆ ಉಸಿರು ಎಳೆದುಕೊಂಡು, ಸೆರಗು ತಲೆಗೆ ಹೊದ್ದು, ಮೈಕ್ರೋಸ್ಕೋಪಿಗೆ ಎರಡೂ ಕೈ ಮುಗಿದಳು.

"ಅತ್ತೆ."

"ಏ, ಅದು ಕಣ ಮಾರಾಯ್ತಿ!"

"ಕೆಂಪು ಮುಖ, ದುಂಡು ಕನ್ನಡಕ. ನಮ್ಮ ಅತ್ತೆಯೇ. ಎಷ್ಟು ಅದೆ! ಎಲ್ಲಾ ನನ್ನೇ ನೋಡ್ತದೆ." ಅವಳ ಹಲ್ಲು ಕಟಕಟ ಅಂತಿತ್ತು.

ಸುಳ್ಳು ಯಾಕೆ ಹೇಳಲಿ, ನಾನು ಬಗ್ಗಿ ನೋಡಿದಾಗ ನನ್ನನ್ನೂ ನೋಡಿದ ಹಾಗಾಯಿತು. ಇಪ್ಪತ್ತಮೂರು ವರ್ಷ ನೋಡಿದ ಕಣಗಳು, ಆವತ್ತು ಒಂದೊಂದೂ ಮುಖ ಎತ್ತಿ ಎಂತೋ ಕೇಳೂಕೆ ಕಾದ ಹಾಗೆ ಕಂಡವು. ಆದರೂ ಸೋಲಬಾರದು ಅಂತ, "ತಡಿ, ನಿನ್ನ ಗಂಡಂದು ತೋರಿಸ್ತೆ. ಅವನಿಗೆ ಅಲರ್ಜಿ, ನಿಂಗೆ ಇಲ್ಲ. ಆದ್ರೂ ಕಣ ಅದೇ. ಆಗ ನಂಬ್ತೆ," ಅಂತ ಇನ್ನೊಂದು ಸ್ಲೈಡ್ ಇಟ್ಟೆ.

ನೋಡಿದಳು. ಅಲ್ಲೂ ಅದೇ ಕೆಂಪು ಮುಖಗಳು, ಅದೇ ಕನ್ನಡಕಗಳು. ನಿಧಾನಕ್ಕೆ ತಲೆ ಎತ್ತಿ ಗಂಡನನ್ನು ದಿಟ್ಟಿಸಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನೋಡಿದ್ರಾ ಬಾಯೋರೆ," ಅಂದಳು, "ಮಗನ ಮೂಗಲ್ಲಿ ಕೂರೂಕೆ ಧೂಳಿನ ನೆಪ ಆದ್ರೂ ಬೇಕಾಯ್ತು. ಸೊಸೆ ಮೂಗಿಗೆ ಅದೂ ಬೇಡಾಯ್ತು."

ಬಾಟಲಿಗೆ ತೆಂಗಿನಕಾಯಿ

ಆಪರೇಷನ್ ಕಾರವಾರದಲ್ಲೇ ಆಯಿತು. ಹಿಂದಿನ ದಿನ ಸಂಜೆ ರಕ್ತ ತೆಗೆಯೂಕೆ ನಾನೇ ಹೋಗಿದ್ದೆ. ಅವಳು ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು.

"ಬಾಯೋರೆ, ಮೂಗು ವಾಪಸು ಬರ್ತದಾ?"

"ಹೆಚ್ಚಿನವರಿಗೆ ಬರ್ತದೆ. ಕೆಲವರಿಗೆ ತಡ."

"ತಡ ಆದ್ರೆ ಹಂಗಾಮು ಹೋಗ್ತದೆ." ಕೂತಲ್ಲೇ ಹಾಸಿಗೆಯ ಸುಕ್ಕು ಸವರಿದಳು. "ನಂಗೆ ಮಕ್ಕಳಾಗ್ಲಿಲ್ಲ. ಆ ಮನೇಲಿ ನಂದು ಅಂತ ಇದ್ದದ್ದು ಆ ಗೋಣಿ ಒಂದೇ. ಅದರ ಮೇಲೆ ಕೂತಾಗ ಮಾತ್ರ ಎಲ್ರೂ ನಾ ಎಂತ ಹೇಳ್ತೆ ಅಂತ ಕೇಳ್ತ್ರು."

ಇಷ್ಟು ದಿನ ಅವಳ ಅತ್ತೆಯ ಕತೆಗೆ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಸೂಜಿ ಚುಚ್ಚುವಾಗ ನರ ತಪ್ಪಿ, ಎರಡು ಸಲ ಚುಚ್ಚಬೇಕಾಯಿತು.

ಆಪರೇಷನ್ ಚಲೋ ಆಯಿತು. ಎಚ್ಚರ ಬಂದದ್ದೇ ತಡ, ಮೂಗಿಗೆ ಹತ್ತಿ ತುರುಕಿಕೊಂಡೇ ಕೇಳಿದಳು, "ತೆಗೆದದ್ದು ಎಲ್ಲಿ ಅದೆ?"

ಅವರ ಕಡೆ ಕತ್ತರಿಸಿದ ಉಗುರು, ಉದುರಿದ ಕೂದಲು ಬೇರೆಯವರ ಕೈಗೆ ಬಿಡೂದಿಲ್ಲ. ಸಿಕ್ಕಿದವರು ಮಾಟ ಮಾಡಿಸ್ತಾರೆ ಅಂತ ಭಯ. ಇದು ಮೂಗಿನೊಳಗಿನ ಮಾಂಸ, ಅದರಲ್ಲೂ ಅತ್ತೆ ಕೂತದ್ದು. ಕೊಡಿ, ಕಡಲಿಗೆ ಬಿಡ್ತೆ ಅಂತ ಹಠ. ಕೊಡೂಕೆ ಕಾನೂನಿಲ್ಲ ಅಂತ ಡಾಕ್ಟರರು. ಕಡೆಗೆ, ಎಲ್ಲಾ ಇಲ್ಲೇ ಭದ್ರ ಅದೆ ಅಂತ ತೋರಿಸೂಕೆ ಅವಳನ್ನು ಲ್ಯಾಬಿಗೆ ಕರೆದುಕೊಂಡು ಬಂದೆ. ಬಾಟಲಿ ಬೆಳಕಿಗೆ ಹಿಡಿದೆ. ಒಳಗೆ ಬಿಳಿಚಿಕೊಂಡ ತುಂಡುಗಳು ತಮ್ಮಷ್ಟಕ್ಕೆ ತಾವೇ ಒಮ್ಮೆ ತಿರುಗಿ ನಿಂತವು. ಅವಳು ಬೆರಳು ಮಡಚಿ ಎಣಿಸಿದಳು.

"ಡಾಕ್ಟ್ರು ಏಳು ಅಂದಿದ್ರು. ಇಲ್ಲಿ ಆರೇ ಅದೆ."

ನನ್ನ ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯಿತು, ಏಳನೆಯದನ್ನು ನಾನೇ ಕೊಯ್ದು ಮೇಣದಲ್ಲಿ ಕೂರಿಸಿದ್ದೆ. ಮೇಣದ ತುಂಡನ್ನೂ ತೋರಿಸಿದ ಮೇಲೆ ಸಮಾಧಾನ. "ಹಂಗಾರೆ ಇಲ್ಲೇ ಇರ್ಲಿ. ಆದ್ರೆ ಸುಮ್ನೆ ಇಡಬೇಡಿ," ಅಂದಳು.

ಮಾರನೇ ದಿನ ಬೆಳಿಗ್ಗೆ ಬಂದು ನೋಡಿದರೆ ನನ್ನ ಶೆಲ್ಫಿನ ಮುಂದೆ ಕುಂಕುಮ, ಎರಡು ದಾಸವಾಳ, ಒಡೆದ ತೆಂಗಿನಕಾಯಿ. ಬಾಟಲಿಗೊಂದು ಗಂಧದ ಬೊಟ್ಟು. ನಾನು ಉರಿದುಬಿದ್ದೆ. ಇದು ಲ್ಯಾಬೋ ಗುಡಿಯೋ ಅಂತ ಕೂಗಾಡಿದೆ. ಡಾಕ್ಟರರಿಗೆ ದೂರು ಕೊಟ್ಟೆ. ವಿಜ್ಞಾನದ ಜಾಗದಲ್ಲಿ ಇಂಥದ್ದೆಲ್ಲ ಬೇಡ, ನೀವೇ ಬಂದು ನೋಡಿ ಅಂದೆ.

ಡಾಕ್ಟರರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು.

ಅದೇ ವಾಸನೆ

ಇಶಾಡಿನ ಹಂಗಾಮು ಶುರುವಾಯಿತು. ಆಪರೇಷನ್ ಆಗಿ ಆರು ವಾರ. ಆ ಮಂಗಳವಾರ ಅಂಕೋಲೆಯ ಕ್ಲಿನಿಕ್ಕಿಗೆ ಹಣ್ಣಿನಕ್ಕ ಗಂಡನ ಜೊತೆ ಬಂದಳು. ಅವನ ಕೈಯಲ್ಲಿ ಒಂದು ಚೀಲ, ಅದರಲ್ಲಿ ಮೂರು ಇಶಾಡು. ನಾಳೆ ಬೆಳಿಗ್ಗೆ ವ್ಯಾಪಾರಿಗಳು ಅಂಗಳಕ್ಕೆ ಬರ್ತಾರೆ. ಗೋಣಿಯ ಮೇಲೆ ಯಾರು ಕೂರೂದು ಅಂತ ಇವತ್ತೇ ತೀರ್ಮಾನ ಆಗಬೇಕು. ಅವಳ ಮುಖ ಬಿಳಿಚಿಕೊಂಡಿತ್ತು.

"ವಾಸನೆ ಬರ್ತದಾ?" ಡಾಕ್ಟರರು ಕೇಳಿದರು.

"ಮನೇಲಿ ಒಮ್ಮೊಮ್ಮೆ ಬಂದ ಹಾಂಗೆ ಆಗ್ತದೆ. ನಿಜವೋ ಸುಳ್ಳೋ ತಿಳಿಯೂದಿಲ್ಲ. ನಶ್ಯದ್ದೂ ಹಂಗೇ ಬರ್ತಿತ್ತಲ್ಲ."

ಡಾಕ್ಟರರು ನಳಿಕೆ ಹಾಕಿ ನೋಡಿದರು. ಒಳಗೆಲ್ಲ ಸ್ವಚ್ಛ. ಇನ್ನು ವಾಸನೆಯ ಪರೀಕ್ಷೆ. ಅದಕ್ಕೆ ನಮ್ಮಲ್ಲಿ ಮೂರು ಸಣ್ಣ ಡಬ್ಬಿ ಇವೆ. ನಾನು ಅವಳ ಕಣ್ಣಿಗೆ ಬಟ್ಟೆ ಕಟ್ಟಿದೆ. ಅವಳ ಹಿಂದೆಯೇ ನಿಂತು, ಕೈ ಮುಂದೆ ಚಾಚಿ ಮೊದಲ ಡಬ್ಬಿಯನ್ನು ಮೂಗಿಗೆ ಹಿಡಿದೆ. ಕಾಫಿ ಪುಡಿ.

ಅವಳು ದೀರ್ಘ ಉಸಿರು ತೆಗೆದುಕೊಂಡಳು. ಹುಬ್ಬು ಗಂಟಿಕ್ಕಿತು. ಎಂತದೂ ಹೇಳಲಿಲ್ಲ.

ಎರಡನೆಯದು, ಲವಂಗ. "ಅದೇ," ಅಂದಳು.

ಮೂರನೆಯದು, ಕರ್ಪೂರ. "ಅದೇ."

"ಅದೇ ಅಂದ್ರೆ ಯಾವುದು?" ಡಾಕ್ಟರರು ಕೇಳಿದರು.

ಅವಳ ತುಟಿ ಅದುರಿತು. "ಹೇಳೂಕೆ ಭಯ ಆಗ್ತದೆ. ಹಿಂದೊಮ್ಮೆ ನೆಂಟರ ಹೆಣ ತರೂಕೆ ಆಸ್ಪತ್ರೆಗೆ ಹೋಗಿದ್ವು. ಹೆಣ ಇಟ್ಟ ಖೋಲಿ ಬಾಗಿಲು ತೆಗೆದಾಗ ಬಂದಿತ್ತು. ಅದೇ ವಾಸನೆ. ಇಲ್ಲೇ ಅದೆ. ನನ್ನ ಹಿಂದೇ ನಿಂತದೆ."

ಗಂಡ ಗೋಡೆಗೆ ಒರಗಿದ. ಡಾಕ್ಟರರ ಮುಖದ ಬಣ್ಣವೂ ಇಳಿಯಿತು. ನನಗಂತೂ ಬೆನ್ನ ಹುರಿಯಲ್ಲಿ ನೀರು ಹರಿದ ಹಾಗಾಯಿತು. ಅಷ್ಟೆಲ್ಲ ಕೊಯ್ದು ತೆಗೆದರೂ ಮುದುಕಿ ಹೋಗಲಿಲ್ಲವಲ್ಲ ಅನಿಸಿತು. ವಿಜ್ಞಾನ ಗಿಜ್ಞಾನ ಎಲ್ಲ ಮರೆತು ಅವಳ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಈಗ ಮೈ ಮೇಲೆ ಕೈ ಹಾಕ್ತು," ಅಂತ ಅವಳು ಕಿರುಚಿದಳು.

ಡಾಕ್ಟರರು ನನ್ನನ್ನು ನೋಡಿದರು. ನನ್ನ ಕೈ ನೋಡಿದರು. ಮತ್ತೆ ನನ್ನನ್ನೇ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ, "ಬಾಯೋರೆ, ನೀವು ಸ್ವಲ್ಪ ಅಂಗಳಕ್ಕೆ ಹೋಗಿ ನಿಲ್ತೀರಾ?" ಅಂದರು.

"ನಾನ್ಯಾಕೆ?"

"ಫಾರ್ಮಲಿನ್ನು," ಅಂದರು. ಅಷ್ಟೇ ಹೇಳಿ ಮುಖ ಆಚೆ ತಿರುಗಿಸಿಕೊಂಡರು.

ಹೊರಗೆ ಬಂದು ಕಿಟಕಿಯ ಹತ್ತಿರ ನಿಂತೆ. ಸೀರೆಯ ಸೆರಗು ಮೂಸಿದೆ, ರವಿಕೆಯ ತೋಳು ಮೂಸಿದೆ. ನನಗೆಂತದೂ ಬರಲಿಲ್ಲ. ಒಳಗೆ ಡಾಕ್ಟರರು ಫ್ಯಾನು ಹಾಕಿ, ಬಾಗಿಲು ತೆರೆದಿಟ್ಟು, ಅವಳ ಕೈಗೆ ಹಣ್ಣು ಕೊಟ್ಟದ್ದು ಕಾಣಿಸಿತು. ಅವಳು ತೊಟ್ಟನ್ನು ಮೂಗಿಗೆ ಹಿಡಿದು ಕೂತಳು. ಎಷ್ಟು ಹೊತ್ತು ಕೂತಳೋ! ಇವಳ ಗೋಣಿ ಹೋಯ್ತು ಅಂತ ನಾನು ಕಣ್ಣು ಮುಚ್ಚಿಕೊಂಡೆ.

"ಇವತ್ತಿಂದು," ಅಂತ ಒಳಗಿಂದ ದನಿ ಬಂತು.

ಎರಡನೇ ಹಣ್ಣು. "ನಾಳಿಂದು."

ಮೂರನೆಯದನ್ನು ಮೂಸಿದವಳು ತಿರುಗಿಸಿ ಮತ್ತೊಮ್ಮೆ ಮೂಸಿದಳು. "ಇದು ನಮ್ಮ ತೋಪಿಂದೇ ಅಲ್ಲ. ಯಾರ್ದು ತಂದ್ರಿ?"

ಗಂಡ ಹೋ ಅಂತ ನಕ್ಕ. ಬರುವ ದಾರಿಯಲ್ಲಿ ಬೇಕಂತಲೇ, ಅವಳಿಗೆ ಕಾಣದ ಹಾಗೆ ಪೇಟೆಯಲ್ಲಿ ಕೊಂಡು ಚೀಲಕ್ಕೆ ಸೇರಿಸಿದ್ದನಂತೆ. ಡಾಕ್ಟರರು ಚಾಕು ತಂದು ಮೊದಲನೆಯದನ್ನು ಹೆಚ್ಚಿದರು. ಒಳಗೆ ಅರಿಸಿನದ ಬಣ್ಣ, ಒಂದು ಕಲೆ ಇಲ್ಲ. ಹಣ್ಣಿನಕ್ಕ ಕಣ್ಣಿನ ಬಟ್ಟೆ ಬಿಚ್ಚಿ ಬಾಗಿಲಿಗೆ ಓಡಿಬಂದು, "ಬಾಯೋರೆ! ಬಂತು! ಮೂಗು ಬಂತು!" ಅಂತ ಅಳುತ್ತ ನನ್ನನ್ನು ತಬ್ಬಿಕೊಳ್ಳೂಕೆ ಎರಡೂ ಕೈ ಚಾಚಿದಳು. ಮೂರು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು. ಅಲ್ಲಿಂದಲೇ ಕೈ ಮುಗಿದಳು.

ಖುಷಿಗೆ ನನ್ನ ಕಣ್ಣಲ್ಲೂ ನೀರು ಬಂತು. ಆದರೆ ಕಾರವಾರಕ್ಕೆ ವಾಪಸು ಬರುವ ದಾರಿಯುದ್ದ ಒಂದೇ ಯೋಚನೆ. ನಮ್ಮ ಡಾಕ್ಟರರು ಮಳೆಯಿರಲಿ, ಬಿಸಿಲಿರಲಿ, ಗಾಡಿಯ ಗಾಜು ಇಳಿಸಿಯೇ ಓಡಿಸ್ತಾರೆ. ಕಡಲ ಗಾಳಿ ಅವರಿಗೆ ಇಷ್ಟ ಅಂದುಕೊಂಡಿದ್ದೆ.

ಮನೆಗೆ ಹೋದವಳೇ ಗಂಡನನ್ನು ಹಿಡಿದು ಕೂರಿಸಿದೆ. "ಖರೆ ಹೇಳಿ. ನನ್ನ ಮೈ ಹೆಣದ ಖೋಲಿಯ ವಾಸನೆ ಬರ್ತದಾ?"

ಅವರು ಪೇಪರು ಮಡಚಿಟ್ಟರು. "ಬರ್ತದೆ."

"ಇಪ್ಪತ್ತಮೂರು ವರ್ಷದಿಂದ?"

"ಹೌದು."

"ಮತ್ತೆ ಒಂದು ದಿನ ಆದ್ರೂ ಹೇಳ್ಲಿಲ್ವಲ್ಲ ನೀವು!"

"ಹೇಳಿದ್ದೆ," ಅಂದರು. "ಮದುವೆಯಾದ ಹೊಸತರಲ್ಲೇ ಹೇಳಿದ್ದೆ, ನೀನು ಹತ್ತಿರ ಬಂದ್ರೆ ನನ್ನ ಕಣ್ಣಲ್ಲಿ ನೀರು ಬರ್ತದೆ ಅಂತ. ನೀನು ನಾಚಿಕೊಂಡು ಇನ್ನೂ ಹತ್ತಿರ ಬಂದಿ."